ಮೊದಲ ಸ್ಕೀ ಪಾಠ ಕೆಟ್ಟರೆ ಆಟವೇ ಕೆಟ್ಟದ್ದಾ? ಓದುಗರ ಪ್ರಶ್ನೆಗಳು

ಈ ಸಲ ಆರಿಸಿದ ಪತ್ರಗಳೆಲ್ಲ ಹಿಮದ ಮೇಲೆ ಸ್ಕೀ ಕಲಿಯೋಕೆ ಹೋದವರದ್ದು, ಒಂದು ಮಾತ್ರ ಕಲಿಸೋಕೆ ಹೊರಟವರದ್ದು. ಚೆಂದವಾಗಿ ಜಾರೋದು ಹೇಗೆ ಅಂತ ಯಾರೂ ಕೇಳಿಲ್ಲ. ಮೊದಲ ಪಾಠ ಮುಗಿದ ಮೇಲೆ ಮನಸ್ಸಲ್ಲಿ ಏನು ಉಳಿಯಿತು ಅನ್ನೋದನ್ನೇ ಎಲ್ಲರೂ ಬರೆದಿದ್ದಾರೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಹಾಕಿಲ್ಲ.

ಪ್ರಶ್ನೆ: ಮೊದಲ ದಿನ ಪೂರ್ತಿ ಕಾಲು ನೋವು. ಬೂಟು ಕಚ್ಚುತ್ತಿತ್ತು, ಬಿದ್ದೂ ಬಿದ್ದೂ ಸಾಕಾಯಿತು. ಜೊತೆಗಿದ್ದವರೆಲ್ಲ ಖುಷಿಯಾಗಿದ್ದರು. ಈ ಆಟ ನನಗೆ ಒಗ್ಗೋದಿಲ್ಲ ಅಂತ ತೀರ್ಮಾನ ಮಾಡಿಬಿಡಲಾ?

ಉತ್ತರ: ತೀರ್ಮಾನ ಆಮೇಲೆ ಮಾಡಿ. ಮೊದಲು ಬೂಟಿನ ವಿಚಾರ ಮುಗಿಸೋಣ. ಮೊದಲ ದಿನವೇ ಸ್ಕೀ ಬೇಡ ಅಂದವರನ್ನು ಸ್ವಲ್ಪ ಕೆದಕಿ ಕೇಳಿದರೆ, ಅರ್ಧಕ್ಕರ್ಧ ಜನ ಬೂಟಿನ ಕಥೆಯನ್ನೇ ಹೇಳ್ತಾರೆ.

ಬಾಡಿಗೆ ಬೂಟು ತಗೊಳ್ಳುವಾಗ ಏನಾಗುತ್ತೆ ನೋಡಿ. ಚಳಿ ಅಂತ ಎರಡು ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿರ್ತೀರಿ. ಸರಿಯಾದ ಅಳತೆಯ ಬೂಟು ಹಾಕಿದರೆ ಬೆರಳು ಮುಂದೆ ತಾಗುತ್ತೆ, ಬಿಗಿ ಅನ್ನಿಸುತ್ತೆ, "ಇದು ಚಿಕ್ಕದು, ಒಂದು ಸೈಜ್ ದೊಡ್ಡದು ಕೊಡಿ" ಅಂತೀರಿ. ದೊಡ್ಡದು ಆರಾಮಾಗಿರುತ್ತೆ, ಸರಿಯಾಗಿ ಹತ್ತು ನಿಮಿಷ. ಇಳಿಜಾರಿಗೆ ಬಂದ ಮೇಲೆ ಪಾದ ಒಳಗೇ ಹಿಂದೆ ಮುಂದೆ ಓಡಾಡುತ್ತೆ. ಅದು ಓಡಾಡದಿರಲಿ ಅಂತ ಬಕಲ್ ಬಿಗಿ ಮಾಡ್ತೀರಿ. ರಕ್ತ ಸರಿಯಾಗಿ ಹರಿಯದೆ ಪಾದ ಜೋಮು ಹಿಡಿಯುತ್ತೆ, ಜೋಮು ಹಿಡಿದ ಪಾದ ಬೇಗ ತಣ್ಣಗಾಗುತ್ತೆ. ಅಷ್ಟರಲ್ಲಿ ಟೀಚರ್ "ಮುಂದಕ್ಕೆ ಬಾಗಿ, ಮುಂದಕ್ಕೆ ಬಾಗಿ" ಅಂತ ಕೂಗ್ತಾ ಇರ್ತಾರೆ. ಬಾಗಿದರೆ ಕಣಕಾಲಿನ ಮೂಳೆ ಬೂಟಿನ ನಾಲಿಗೆಗೆ ಹೊಡೆದು ಜೀವ ಹೋಗುತ್ತೆ. ಹಾಗಾಗಿ ನೀವು ಬಾಗೋದಿಲ್ಲ. ಬಾಗದಿದ್ದರೆ ಸ್ಕೀ ಮಾತು ಕೇಳೋದಿಲ್ಲ. ಬೀಳ್ತೀರಿ.

ಮುಂದಿನ ಸಲ ಹೀಗೆ ಮಾಡಿ. ತೆಳುವಾದ, ಉದ್ದನೆಯ ಸಾಕ್ಸ್ ಒಂದೇ ಜೊತೆ. ಪ್ಯಾಂಟು, ಥರ್ಮಲ್ಲು ಯಾವುದನ್ನೂ ಬೂಟಿನೊಳಗೆ ತುರುಕಬೇಡಿ, ಮಡಿಕೆ ಕೂತಲ್ಲಿ ಗಾಯ ಆಗುತ್ತೆ. ಸ್ಕೀ ಬೂಟಿನ ಸೈಜ್ ಅಂದರೆ ಪಾದದ ಉದ್ದ, ಸೆಂಟಿಮೀಟರ್ ಲೆಕ್ಕದಲ್ಲಿ, ಅದನ್ನು ಮೊಂಡೋಪಾಯಿಂಟ್ ಅಂತಾರೆ. ಅನುಮಾನ ಇದ್ದರೆ ಒಳಗಿನ ಮೆತ್ತನೆಯ ಲೈನರ್ ಹೊರಗೆ ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು ಬೆರಳನ್ನು ಮುಂದೆ ತಾಗಿಸಿ ನೋಡಿ. ಹಿಮ್ಮಡಿ ಹಿಂದೆ ಸುಮಾರು ಎರಡು ಬೆರಳು ಹೋಗುವಷ್ಟು ಜಾಗ ಇದ್ದರೆ ಸರಿ. ಕೈಯೇ ತೂರುವಷ್ಟಿದ್ದರೆ ದೊಡ್ಡದು. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ಮೆಲ್ಲಗೆ ತಾಗಬೇಕು, ಮಂಡಿ ಮುಂದಕ್ಕೆ ಬಾಗಿಸಿದರೆ ತಾನೇ ಹಿಂದೆ ಸರಿಯಬೇಕು. ಬಕಲ್ ಹಾಕೋ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಪಾದದ ಮೇಲಿನ ಬಕಲ್ ಸಡಿಲ, ಕಣಕಾಲಿನದ್ದು ಸ್ವಲ್ಪ ಬಿಗಿ. ಇಷ್ಟೇ.

ಬೂಟಿನ ನೋವಿನಲ್ಲಿ ಇನ್ನೊಂದು ತೊಂದರೆ ಇದೆ. ಆ ನೋವು ಬೂಟಿನ ಲೆಕ್ಕಕ್ಕೆ ಹೋಗೋದಿಲ್ಲ, ಆಟದ ಲೆಕ್ಕಕ್ಕೆ ಹೋಗುತ್ತೆ. "ಬೂಟು ಸರಿ ಇರಲಿಲ್ಲ" ಅಂತ ಯಾರೂ ಹೇಳೋದಿಲ್ಲ. "ಸ್ಕೀ ನನ್ನಂಥವರಿಗಲ್ಲ" ಅಂತಲೇ ಹೇಳ್ತಾರೆ, ನೀವೂ ಹಾಗೇ ಬರೆದಿದ್ದೀರಿ. ಇನ್ನು ಬೀಳೋದು. ಮೊದಲ ದಿನ ಒಂದಷ್ಟು ಸಲ ಬೀಳೋದು ಸಹಜ, ಆದರೆ ದಿನಪೂರ್ತಿ ಬೀಳ್ತಾನೇ ಇದ್ದರೆ ಜಾಗ ತಪ್ಪಿದೆ ಅಂತ ಅರ್ಥ. ಅದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ನನ್ನ ಗಂಡ ಚೆನ್ನಾಗಿ ಸ್ಕೀ ಮಾಡ್ತಾರೆ. "ಕ್ಲಾಸ್ ಯಾಕೆ, ನಾನೇ ಕಲಿಸ್ತೀನಿ" ಅಂತ ಮೊದಲ ದಿನವೇ ಲಿಫ್ಟ್ ಹತ್ತಿಸಿ ಮೇಲೆ ಕರೆದುಕೊಂಡು ಹೋದರು. ಕೆಳಗೆ ನೋಡಿದ ಕೂಡಲೇ ಕಾಲು ನಡುಗಿತು. ಅರ್ಧ ದಾರಿ ಕೂತುಕೊಂಡೇ ಜಾರಿ ಇಳಿದೆ. ಈಗ ಸ್ಕೀ ಅಂದರೆ ಹೊಟ್ಟೆ ತೊಳಸುತ್ತೆ. ಈ ಭಯ ಹೋಗುತ್ತಾ?

ಉತ್ತರ: ಹೋಗುತ್ತೆ. ಆದರೆ ಅದೇ ಇಳಿಜಾರಿಗೆ ಮತ್ತೆ ಹೋಗಿ ಹಲ್ಲು ಕಚ್ಚಿಕೊಂಡು ಇಳಿದರೆ ಹೋಗೋದಿಲ್ಲ. ಹಾಗೆ ಮಾಡಿದರೆ ಭಯ ಇನ್ನೂ ಗಟ್ಟಿ ಕೂರುತ್ತೆ.

ನಿಮ್ಮ ಯಜಮಾನರ ಮೇಲೆ ಸಿಟ್ಟು ಬೇಡ, ಅವರೊಬ್ಬರೇ ಅಲ್ಲ. ಚೆನ್ನಾಗಿ ಬರುವವರಿಗೆ ತಮಗೆ ಏನೇನು ಬರುತ್ತೆ ಅನ್ನೋದೇ ಮರೆತುಹೋಗಿರುತ್ತೆ. ಅವರ ಕಣ್ಣಿಗೆ ಅದು "ಸುಮ್ನೆ ಒಂದು ಹಸಿರು ದಾರಿ". ಇಳಿಜಾರು ಎಷ್ಟು ಕಷ್ಟ ಅಂತ ಬಣ್ಣದಿಂದ ಗುರುತಿಸುವ ಪದ್ಧತಿ ಇದೆ, ಸುಲಭದಿಂದ ಕಷ್ಟಕ್ಕೆ: ಯುರೋಪಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು, ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಆದರೆ ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ಕೆಂಪಿನ ಹಾಗಿರಬಹುದು. ಬೆಳಗ್ಗೆ ಮೆತ್ತಗಿದ್ದ ದಾರಿ ಸಂಜೆ ಹೊತ್ತಿಗೆ ಹೆಪ್ಪುಗಟ್ಟಿ ಬೇರೆಯೇ ಆಗಬಹುದು. ಅಷ್ಟಕ್ಕೂ ಇವತ್ತೇ ಮೊದಲ ಸಲ ಬೂಟು ಹಾಕಿದವರಿಗೆ ಹಸಿರು ಕೂಡ ಜಾಸ್ತಿಯೇ. ಅವರಿಗೆ ಬೇಕಾದದ್ದು ಕೊನೆಯಲ್ಲಿ ತಾನೇ ಸಮತಟ್ಟಾಗುವ, ಸಾಧ್ಯವಾದರೆ ಸ್ವಲ್ಪ ಎದುರೇರು ಇರುವ ಚಿಕ್ಕ ಜಾಗ. ಅಲ್ಲಿ ಏನೂ ಮಾಡದೆ ಸುಮ್ನೆ ನಿಂತರೂ ಸ್ಕೀ ತಾನಾಗಿಯೇ ನಿಲ್ಲುತ್ತೆ. ನಿಲ್ಲೋಕೆ ಬರದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಡಿದಾದ ಜಾಗದಲ್ಲಿ ಭಯ ಹೇಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ, ಇದು ತಿಳಿದರೆ ನಿಮ್ಮನ್ನು ನೀವು ಬೈದುಕೊಳ್ಳೋದು ಕಡಿಮೆ ಆಗುತ್ತೆ. ಕೆಳಗೆ ನೋಡಿ ಹೆದರಿದ ದೇಹ ತಾನಾಗಿಯೇ ಬೆಟ್ಟದ ಕಡೆಗೆ, ಅಂದರೆ ಹಿಂದಕ್ಕೆ ವಾಲುತ್ತೆ. ನೆಲದ ಮೇಲೆ ಇದು ಸರಿಯಾದ ಬುದ್ಧಿಯೇ. ಸ್ಕೀ ಮೇಲೆ ಉಲ್ಟಾ. ಭಾರ ಹಿಂದಿನ ತುದಿಗೆ ಹೋಗಿ ಮುಂದಿನ ತುದಿ ಹಗುರಾಗುತ್ತೆ. ಸ್ಕೀ ತಿರುವು ಶುರು ಮಾಡೋದು ಮುಂದಿನ ಭಾಗ ಹಿಮವನ್ನು ಕಚ್ಚಿದಾಗ. ಅದು ಕಚ್ಚದಿದ್ದರೆ ತಿರುಗೋದಿಲ್ಲ, ತಿರುಗದಿದ್ದರೆ ನೇರ ಕೆಳಗೆ ಓಡುತ್ತೆ, ವೇಗ ಏರುತ್ತೆ, ನೀವು ಇನ್ನೂ ಹಿಂದಕ್ಕೆ ವಾಲ್ತೀರಿ. ಧೈರ್ಯವಂತರನ್ನು ಅಲ್ಲಿ ನಿಲ್ಲಿಸಿದರೂ ಇದೇ ಆಗುತ್ತೆ. ಹಿಂದಕ್ಕೆ ಕೂತು ಬೀಳೋದು ಮಂಡಿಗೂ ಒಳ್ಳೆಯದಲ್ಲ, ಎ.ಸಿ.ಎಲ್., ಅಂದರೆ ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್, ಹರಿಯುವ ಹೆಸರಾಂತ ದಾರಿಗಳಲ್ಲಿ ಅದೂ ಒಂದು. ಬಿದ್ದಾಗ ಜಾರೋದು ಪೂರ್ತಿ ನಿಲ್ಲುವವರೆಗೆ ಎದ್ದೇಳೋಕೆ ಹೋಗಬೇಡಿ.

ಹಾಗಾದರೆ ದಾರಿ? ಮ್ಯಾಜಿಕ್ ಕಾರ್ಪೆಟ್ ಇರುವ, ಅಂದರೆ ನಿಂತಲ್ಲೇ ಮೇಲಕ್ಕೆ ಒಯ್ಯುವ ಬೆಲ್ಟ್ ಇರುವ ಕಲಿಕೆಯ ಜಾಗಕ್ಕೆ ವಾಪಸ್ ಹೋಗಿ. ನಾಚಿಕೆ ಬೇಡ. ಅಲ್ಲಿ ಬೇಜಾರು ಬರುವವರೆಗೆ ಜಾರಿ. ಬೇಜಾರು ಬಂತು ಅಂದರೆ ಆ ಜಾಗದ ಮಟ್ಟಿಗೆ ಭಯ ಮುಗಿಯಿತು ಅಂತಲೇ. ಆಮೇಲೆ ಒಂದು ಮೆಟ್ಟಿಲು ಮೇಲೆ, ಅಷ್ಟೇ.

ಜೊತೆಗೆ ಒಂದು ವಿದ್ಯೆ ಕೇಳಿ ಕಲಿಯಿರಿ, ಸೈಡ್ ಸ್ಲಿಪ್. ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟು ನಿಂತರೆ ಮೇಲಿನ ಕಡೆಯ ಅಂಚುಗಳು ಹಿಮ ಕಚ್ಚಿ ನಿಮ್ಮನ್ನು ನಿಲ್ಲಿಸಿರ್ತವೆ. ಪಾದದ ಗಿಣ್ಣನ್ನು ಒಂಚೂರು ಕೆಳಕ್ಕೆ ಹೊರಳಿಸಿದರೆ ಅಂಚು ಬಿಟ್ಟು, ನಿಂತ ಭಂಗಿಯಲ್ಲೇ ಪಕ್ಕಕ್ಕೆ ಜಾರ್ತೀರಿ. ಮತ್ತೆ ಮೇಲಕ್ಕೆ ಹೊರಳಿಸಿದರೆ ನಿಲ್ತೀರಿ. ಕರಕರ ಅಂತ ಹಿಮ ಕೆರೆಯುವ ಸದ್ದು ಬರುತ್ತೆ, ನೋಡೋಕೆ ಚೆಂದ ಇಲ್ಲ. ಆದರೆ ಇದು ಬಂದವರಿಗೆ ಎಂಥ ಜಾಗದಲ್ಲಿ ಸಿಕ್ಕಿಕೊಂಡರೂ ಇಳಿಯೋಕೆ ಒಂದು ದಾರಿ ಇದೆ. ಅದೊಂದು ಗೊತ್ತಿದ್ದಿದ್ದರೆ ಆವತ್ತು ನೀವು ಕೂತು ಇಳಿಯಬೇಕಾಗಿರಲಿಲ್ಲ. ಮೊದಲ ಪಾಠಗಳಲ್ಲೇ ಇದನ್ನು ಯಾಕೆ ಎಲ್ಲರೂ ಕಲಿಸೋದಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಹಿಂದಿನಿಂದ ಯಾರೋ ರಭಸದಲ್ಲಿ ಬಂದು ಗುದ್ದುತ್ತಾರೆ ಅನ್ನೋ ಹೆದರಿಕೆಯನ್ನೂ ನೀವು ಬರೆದಿದ್ದೀರಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಿಂದಲೇ ನಡವಳಿಕೆಯ ನಿಯಮಗಳನ್ನು ಇಟ್ಟಿದೆ, ಈಗ ಅವು ಹತ್ತು. ಅದರ ಪ್ರಕಾರ ಹಿಂದಿನಿಂದ ಬರುವವರೇ ಮುಂದಿರುವವರಿಗೆ ಅಪಾಯ ಆಗದ ಹಾಗೆ ದಾರಿ ಆರಿಸಬೇಕು. ಎಲ್ಲರೂ ಪಾಲಿಸ್ತಾರೆ ಅಂತಲ್ಲ. ಆದರೆ ನಿಧಾನವಾಗಿ ಹೋಗ್ತಾ ಇರೋದು ನಿಮ್ಮ ತಪ್ಪಲ್ಲ, ಅಲ್ವಾ? ಕಿರಿದಾದ ಜಾಗದಲ್ಲೋ ದಿಬ್ಬದ ಮರೆಯಲ್ಲೋ ನಿಲ್ಲಬೇಡಿ, ಹೊರಡುವ ಮೊದಲು ಮೇಲೆ ನೋಡಿ, ಉಳಿದದ್ದು ಅವರ ಹೊಣೆ.

ಯಜಮಾನರಿಗೆ ಒಂದು ಮಾತು: ಕಲಿಸೋದನ್ನು ಬೇರೆಯವರಿಗೆ ಬಿಡಿ, ಪಾಠ ಮುಗಿದ ಮೇಲೆ ಜೊತೆಗೆ ಹೋಗಿ. ಅದೂ ನಿಮ್ಮ ಹೆಂಡತಿ ಆರಿಸಿದ ದಾರಿಗೆ.

ಪ್ರಶ್ನೆ: ನಮ್ಮ ಟೀಚರ್ ಎರಡು ದಿನ ಬರೀ ಸ್ನೋಪ್ಲೋ (ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟು ಜಾರೋದು) ಮಾಡಿಸಿದರು. ತೊಡೆ ಉರಿದುಹೋಯಿತು. ಗೆಳೆಯನೊಬ್ಬ "ಅದೆಲ್ಲ ಹಳೇ ಕಾಲದ್ದು, ನೇರವಾಗಿ ಪ್ಯಾರಲಲ್, ಅಂದರೆ ಎರಡೂ ಸ್ಕೀ ಜೋಡಿಯಾಗಿಟ್ಟು ತಿರುಗೋದು, ಕಲಿಯಬೇಕು" ಅಂತಾನೆ. ಯಾವುದು ಸರಿ?

ಉತ್ತರ: ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸರಿ ಇದೆ. ಆದರೆ ಆ ಜಗಳವೇ ಹಳೆಯದು.

1890ರ ದಶಕದಲ್ಲಿ ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್‌ನಲ್ಲಿ ಮಥಿಯಾಸ್ ಜ್ಡಾರ್ಸ್ಕಿ ಅನ್ನುವವರು ಕಡಿದಾದ ಬೆಟ್ಟಗಳಲ್ಲಿ ವೇಗ ಹಿಡಿತದಲ್ಲಿಟ್ಟು ಇಳಿಯುವ ಕ್ರಮ ಕಟ್ಟಿದರು, ಅದೂ ಒಂದೇ ಕೋಲು ಹಿಡಿದು. 1907ರಲ್ಲಿ ಸೇಂಟ್ ಆಂಟನ್‌ನಲ್ಲಿ ಕಲಿಸೋಕೆ ಶುರು ಮಾಡಿದ ಹಾನೆಸ್ ಷ್ನೈಡರ್ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಮೊದಲು ಸ್ನೋಪ್ಲೋ, ಆಮೇಲೆ ಸ್ಟೆಮ್ (ಒಂದೇ ಸ್ಕೀಯ ಹಿಂದಿನ ತುದಿಯನ್ನು ಹೊರಕ್ಕೆ ತಳ್ಳಿ ತಿರುಗೋದು), ಕೊನೆಗೆ ಎರಡೂ ಸ್ಕೀ ಜೋಡಿಯಾಗಿ. ಆರ್ಲ್‌ಬರ್ಗ್ ಪದ್ಧತಿ ಅಂತ ಅದು ಎಲ್ಲ ಕಡೆ ಹಬ್ಬಿತು, 1939ರಲ್ಲಿ ಷ್ನೈಡರ್ ಅಮೆರಿಕಕ್ಕೇ ಹೋದರು. ಫ್ರಾನ್ಸಿನಲ್ಲಿ ಎಮಿಲ್ ಅಲೆ ಮತ್ತವರ ಕಡೆಯವರು ಸ್ಟೆಮ್ ಬೇಡ, ಪ್ಯಾರಲಲ್ ಸಾಕು ಅಂದರು. 1960ರ ದಶಕದಲ್ಲಿ ಅಮೆರಿಕದ ಕ್ಲಿಫ್ ಟೇಲರ್ ಬೇರೆ ದಾರಿ ಹಿಡಿದರು: ಮೊದಲು ತೀರಾ ಗಿಡ್ಡ ಸ್ಕೀ ಕೊಡಿ, ಕಲಿತ ಹಾಗೆ ಉದ್ದ ಮಾಡ್ತಾ ಹೋಗಿ. ಆಗಿನ ಮಾಮೂಲು ಸ್ಕೀ ಎತ್ತಿದ ಕೈಯ ಮಣಿಕಟ್ಟಿನವರೆಗೆ ಬರ್ತಿತ್ತು, ಎರಡು ಮೀಟರ್ ಅಂದರೆ ಸಾಮಾನ್ಯ. ಹೊಸಬರು ಅದನ್ನು ತಿರುಗಿಸೋದು ಅಂದರೆ ಕುಸ್ತಿಯೇ. 1990ರ ದಶಕದಲ್ಲಿ ಸೊಂಟ ಕಿರಿದಾಗಿ ತುದಿಗಳು ಅಗಲವಾಗಿರುವ ಸ್ಕೀ ಬಂತು. ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಇದರಲ್ಲಿ ಮೊದಮೊದಲಿನದು. ಅಂಚಿನ ಮೇಲೆ ಒರಗಿಸಿದರೆ ಇದು ತಾನೇ ತಿರುವಿನ ಕಡೆ ಎಳೆಯುತ್ತೆ. ಈಗ ಹೊಸಬರಿಗೆ ಗಲ್ಲದೆತ್ತರದ ಸ್ಕೀ ಕೊಡ್ತಾರೆ. ಮೊದಲ ದಿನದ ಕಷ್ಟವನ್ನು ಇಳಿಸಿದ್ದರಲ್ಲಿ ಟೀಚರುಗಳಿಗಿಂತ ಈ ಸ್ಕೀಯ ಪಾಲೇ ದೊಡ್ಡದು ಅಂತ ನನ್ನ ಲೆಕ್ಕ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೊದಲು ಸ್ನೋಪ್ಲೋ. ಅದರಲ್ಲಿ ತಪ್ಪಿಲ್ಲ. ಲಿಫ್ಟ್ ಸಾಲಿನಲ್ಲಿ, ಇಕ್ಕಟ್ಟಿನಲ್ಲಿ ಪಳಗಿದವರೂ ಅದನ್ನೇ ಮಾಡ್ತಾರೆ. ತೊಂದರೆ ಇರೋದು ಅದನ್ನು ಯಾವುದಕ್ಕೆ ಅಂತ ಕಲಿಸ್ತಾರೆ ಅನ್ನೋದರಲ್ಲಿ. "ಹೀಗೆ ಒತ್ತಿ ಹಿಡಿದರೆ ನಿಲ್ಲುತ್ತೆ, ಇನ್ನೂ ಒತ್ತಿ, ಇನ್ನೂ ಅಗಲ" ಅಂತ ಮೊದಲ ಗಂಟೆಯಿಂದಲೇ ಹೇಳಿಕೊಟ್ಟರೆ, ಕಲಿಯುವವರ ತಲೆಯಲ್ಲಿ ಸ್ಕೀ ಅಂದರೆ ತಡೆಯೋದು ಅಂತ ಕೂರುತ್ತೆ. ವೇಗ ಅನ್ನೋದು ಶತ್ರು, ತೊಡೆಯ ಬಲದಿಂದ ಅದನ್ನು ಹಿಡಿದಿಡಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ ಹಾಗೆ. ಇಂಥವರು ಎಷ್ಟೋ ದಿನ ಸ್ಕೀ ಮಾಡಿದರೂ ಇಳಿದ ಮೇಲೆ "ಅಬ್ಬ, ಬದುಕಿದೆ" ಅಂತಾರೆಯೇ ಹೊರತು "ಇನ್ನೊಂದು ಸಲ ಹೋಗೋಣ" ಅನ್ನೋದಿಲ್ಲ.

ಅದೇ ಸ್ನೋಪ್ಲೋವನ್ನು ಸಣ್ಣದಾಗಿ ಹಿಡಿದು, ಒಂದು ಕಾಲಿನ ಮೇಲೆ ಸ್ವಲ್ಪ ಭಾರ ಹಾಕಿ "ನೋಡಿ, ಎಡಗಾಲು ಒತ್ತಿದರೆ ಬಲಕ್ಕೆ ಹೋಗ್ತೀರಿ" ಅಂತ ತೋರಿಸಿದರೆ ಪಾಠವೇ ಬೇರೆ. ತಿರುವನ್ನು ಪೂರ್ತಿ ಮುಗಿಸಿ ಸ್ಕೀ ಇಳಿಜಾರಿಗೆ ಅಡ್ಡ ಬಂದರೆ ವೇಗ ತಾನೇ ಕಡಿಮೆ ಆಗುತ್ತೆ, ಇನ್ನೂ ತಿರುಗಿಸಿ ಮೂತಿ ಸ್ವಲ್ಪ ಮೇಲಕ್ಕೆ ಮಾಡಿದರೆ ನಿಂತೇಬಿಡುತ್ತೆ. ಒತ್ತೋದೇನೂ ಇಲ್ಲ. ವೇಗ ಹಿಡಿತಕ್ಕೆ ಬರೋದು ದಾರಿಯ ಆಕಾರದಿಂದ, ತೊಡೆಯಿಂದಲ್ಲ ಅಂತ ಮೊದಲ ದಿನವೇ ಮೈಗೆ ಗೊತ್ತಾದವರಿಗೆ ಇಳಿಜಾರು ನೋಡಿದಾಗ "ಎಲ್ಲೆಲ್ಲಿ ತಿರುಗಲಿ" ಅನ್ನೋ ಯೋಚನೆ ಬರುತ್ತೆ. ಹೆದರೋಕೆ ಪುರುಸೊತ್ತು ಕಡಿಮೆ. ಇತ್ತೀಚೆಗೆ ಕೆಲವು ಕಡೆ ಹಿಮವನ್ನೇ ಬಟ್ಟಲಿನ ಹಾಗೆ, ಸಣ್ಣ ಅಲೆಗಳ ಹಾಗೆ ಕಟ್ಟಿಟ್ಟಿರ್ತಾರೆ. ಅಲ್ಲಿ ವೇಗ ತಡೆಯುವ ಕೆಲಸವನ್ನು ನೆಲವೇ ಮಾಡುತ್ತೆ, ಕಲಿಯುವವರು ನಿಂತು ಜಾರುವ ಸುಖವನ್ನು ಮೊದಲು ಸವಿಯಬಹುದು. ಸಿಕ್ಕರೆ ಬಿಡಬೇಡಿ.

ಟೀಚರ್ ಬದಲಾಯಿಸಬೇಕಾ ಅಂದರೆ, ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: "ಒತ್ತದೆ ನಿಧಾನ ಮಾಡೋದು ಹೇಗೆ?" ಉತ್ತರ ಬಂದರೆ ಅಲ್ಲೇ ಇರಿ.

ಪ್ರಶ್ನೆ: ಐದು ವರ್ಷದ ಮಗಳು ಕ್ಲಾಸಿನಲ್ಲಿ ಅಳ್ತಾಳೆ. ಪಕ್ಕದಲ್ಲೇ ನಿಂತು ಧೈರ್ಯ ಹೇಳ್ತೀನಿ, ಆದರೂ ಅಳು. ಬೆನ್ನಿಗೆ ಪಟ್ಟಿ ಕಟ್ಟಿ ನಾನೇ ಹಿಡಿದುಕೊಂಡು ಕಲಿಸಲಾ?

ಉತ್ತರ: ಮೊದಲು ಕೈ ಬೆರಳು ಮುಟ್ಟಿ ನೋಡಿ, ತಣ್ಣಗಿವೆಯಾ? ಟಾಯ್ಲೆಟ್‌ಗೆ ಹೋಗಬೇಕಾ? ಹಸಿವಾ? ಆ ವಯಸ್ಸಿನಲ್ಲಿ ಸ್ಕೀ ಇಷ್ಟವಿಲ್ಲ ಅನ್ನೋ ಅಳು ಕಡಿಮೆ, ಚಳಿಗೆ ಅಳೋದೇ ಜಾಸ್ತಿ.

ಎರಡನೆಯದು, ಸ್ವಲ್ಪ ದೂರ ಹೋಗಿ. ಕಣ್ಣಿಗೇ ಕಾಣಬೇಡಿ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಮಗು ಟೀಚರ್ ಕಡೆ ನೋಡೋದಿಲ್ಲ, ನಿಮ್ಮ ಮುಖ ನೋಡುತ್ತೆ, ನಿಮ್ಮ ಮುಖದಲ್ಲಿ ಆತಂಕ ಇರುತ್ತೆ. ಆಮೇಲೆ ಇನ್ನೇನು.

ಪಟ್ಟಿ ಬೇಡ. ಮಗು ಅದಕ್ಕೆ ಒರಗಿಕೊಂಡು ಹಿಂದಕ್ಕೆ ಕೂತೇ ಜಾರೋದು ಕಲಿಯುತ್ತೆ. ಹೇಗೂ ಮಕ್ಕಳಿಗೆ ದೇಹದ ಲೆಕ್ಕದಲ್ಲಿ ತಲೆ ಭಾರ, ಕಾಲಿನ ಬಲ ಕಡಿಮೆ, ಬೂಟಿನ ಹಿಂಭಾಗಕ್ಕೆ ಒರಗಿಯೇ ನಿಲ್ತಾರೆ. ಅದನ್ನು ಈಗಲೇ ತಿದ್ದೋಕೆ ಹೋಗಬೇಡಿ, ಬೆಳೆದ ಹಾಗೆ ಸರಿಹೋಗುತ್ತೆ. ಒಳ್ಳೆಯ ಮಕ್ಕಳ ಟೀಚರುಗಳು "ತೂಕ", "ಅಂಚು" ಅಂತ ಮಾತೇ ಆಡೋದಿಲ್ಲ. ಸ್ಕೀ ತುದಿ ಹತ್ತಿರ ತಂದರೆ ಪಿಜ್ಜಾ, ಜೋಡಿಯಾಗಿ ನೇರ ಇಟ್ಟರೆ ಫ್ರೆಂಚ್ ಫ್ರೈಸ್, ಇಷ್ಟರಲ್ಲೇ ಆಟ ಆಡಿಸಿ ಇಳಿಸಿಬಿಡ್ತಾರೆ.

"ಇನ್ನೊಂದು ಸಲ" ಅಂತ ಮಗಳು ಕೇಳ್ತಿರುವಾಗಲೇ ದಿನ ಮುಗಿಸಿ. ದುಡ್ಡು ಕೊಟ್ಟಿದ್ದೀವಿ ಅಂತ ಪೂರ್ತಿ ಎಳೆಯಬೇಡಿ.

ಪ್ರಶ್ನೆ: ನನಗೆ ಐವತ್ಮೂರು. ಗುಂಪಿನಲ್ಲಿ ಎಲ್ಲರೂ ಇಪ್ಪತ್ತರ ಹುಡುಗರು. ಎಲ್ಲರಿಗಿಂತ ಹಿಂದೆ ಉಳೀತೀನಿ, ನಾಚಿಕೆ ಆಗುತ್ತೆ.

ಉತ್ತರ: ಗುಂಪು ಬದಲಾಯಿಸಿ, ಆಟ ಬಿಡಬೇಡಿ. ನಿಮ್ಮ ವಯಸ್ಸಿನ ಇಬ್ಬರು ಮೂವರನ್ನು ಸೇರಿಸಿಕೊಂಡು ಒಟ್ಟಿಗೆ ಒಬ್ಬ ಟೀಚರ್ ಹಿಡಿದರೆ ಇನ್ನೂ ಒಳ್ಳೆಯದು. ಗುಂಪಿನ ಪಾಠದಲ್ಲಿ ಮುಂದಿನವರು ಕೆಳಗೆ ನಿಂತು ಕಾಯ್ತಾ ದಣಿವಾರಿಸಿಕೊಳ್ತಾರೆ, ಕೊನೆಯವರು ತಲುಪಿದ ಕೂಡಲೇ "ಸರಿ, ಹೊರಡೋಣ" ಅಂತಾರೆ. ಅಂದರೆ ಜಾಸ್ತಿ ದಣಿದವರಿಗೇ ಕಡಿಮೆ ವಿಶ್ರಾಂತಿ. ಟೀಚರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಜನಕ್ಕೆ ಅದು ಹೊಳೆದಿರೋದೇ ಇಲ್ಲ.

ಇನ್ನೊಂದು, ಬಾಡಿಗೆಗೆ ಸ್ಕೀ ತಗೊಳ್ಳುವಾಗ ವಯಸ್ಸು, ತೂಕ, ಎತ್ತರ, ಹೊಸಬರು ಅನ್ನೋದು, ಎಲ್ಲವನ್ನೂ ನಿಜ ಹೇಳಿ. ಬಿದ್ದಾಗ ಬೂಟನ್ನು ಸ್ಕೀಯಿಂದ ಬಿಡಿಸುವ ಬೈಂಡಿಂಗನ್ನು ಆ ಲೆಕ್ಕದಲ್ಲೇ ಹೊಂದಿಸ್ತಾರೆ. ಐವತ್ತು ದಾಟಿದವರಿಗೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಸಡಿಲ ಇಡ್ತಾರೆ. ವಯಸ್ಸು ಕಡಿಮೆ ಹೇಳಿದರೆ ಮಂಡಿಗೆ ಕುತ್ತು.

ಪ್ರಶ್ನೆ: ಈ ಚಳಿಗಾಲದಿಂದ ನಾನೇ ಹೊಸಬರಿಗೆ ಕಲಿಸೋಕೆ ಹೊರಟಿದ್ದೇನೆ. ಮೊದಲ ಪಾಠ ಎರಡು ಗಂಟೆ. ಅವರು ಮತ್ತೆ ಬರುವ ಹಾಗೆ ಏನು ಮಾಡಬೇಕು? ಜಾಸ್ತಿ ಹೊಗಳಬೇಕಾ?

ಉತ್ತರ: ಹೊಗಳಿಕೆಗೆ ಸಿಗೋದು ನಾವಂದುಕೊಂಡಷ್ಟು ಬೆಲೆ ಅಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದಾರೆ: "ಇದು ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರೋದು ಸ್ವತಃ ಮಾಡಿ ಗೆದ್ದಾಗ. ಆಮೇಲೆ, ತನ್ನಂಥವರೇ ಮಾಡಿದ್ದನ್ನು ನೋಡಿದಾಗ. ಇನ್ನೊಬ್ಬರ ಮಾತು ಅದಕ್ಕಿಂತ ದುರ್ಬಲ. ಅಂದರೆ "ಸೂಪರ್, ಸೂಪರ್" ಅಂತ ನೀವು ಕೂಗೋದಕ್ಕಿಂತ, ಅವರು ತಾವೇ ನಿಲ್ಲಿಸಿದ ಒಂದು ಜಾರು ಮೇಲು. ಜೊತೆಗೆ, ನೀವು ಚೆಂದವಾಗಿ ಮಾಡಿ ತೋರಿಸಿದ್ದನ್ನು ನೋಡಿ ಯಾರಿಗೂ ಧೈರ್ಯ ಬರೋದಿಲ್ಲ, ನಿಮಗೆ ಬರುತ್ತೆ ಅಂತ ಅವರಿಗೆ ಗೊತ್ತೇ ಇದೆ. ಅವರಷ್ಟೇ ತಡವರಿಸುವ ಇನ್ನೊಬ್ಬರು ತಿರುಗಿ ನಿಂತಾಗ ಬರುತ್ತೆ. ಗುಂಪಿನಲ್ಲಿ ಒಬ್ಬರಿಗೆ ಬಂದ ಕೂಡಲೇ ಉಳಿದವರನ್ನು ಕರೆದು ಅವರನ್ನು ತೋರಿಸಿ.

ದೇಹದ ಸ್ಥಿತಿಯನ್ನೂ ಬಂಡೂರಾ ಸೇರಿಸ್ತಾರೆ. ಎದೆ ಡವಡವ ಅಂತಿದ್ದರೆ, ಕಾಲು ನಡುಗ್ತಿದ್ದರೆ, ಕಲಿಯುವವರು ಅದನ್ನು "ನನಗೆ ಬರೋದಿಲ್ಲ" ಅನ್ನೋದಕ್ಕೆ ಸಾಕ್ಷಿ ಅಂತ ಓದಿಕೊಳ್ತಾರೆ. ನಿಜಕ್ಕೂ ಅದು ಅರ್ಧ ಸುಸ್ತು, ಯಾಕಂದ್ರೆ ಸ್ಕೀ ಹಾಕಿಕೊಂಡು ಅಡ್ಡಡ್ಡ ಹೆಜ್ಜೆಯಿಟ್ಟು ದಿಬ್ಬ ಹತ್ತಿಸಿರ್ತೀರಿ. ಹತ್ತಿಸೋದನ್ನು ಕಡಿಮೆ ಮಾಡಿ. ಮಾತನ್ನೂ ಕಡಿಮೆ ಮಾಡಿ. ಚಳಿಯಲ್ಲಿ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಭಾಷಣ ಕೊಡುವ ಟೀಚರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೇಳುವವರು ಒಂದೊಂದೇ ಕಾಲು ಎತ್ತಿ ಕುಟ್ಟುತ್ತಾ ಇರ್ತಾರೆ, ಒಬ್ಬರ ಕನ್ನಡಕಕ್ಕೆ ಮಂಜು ಹಿಡಿದಿರುತ್ತೆ, ಇನ್ನೊಬ್ಬರ ಸ್ಕೀ ತಾನಾಗಿಯೇ ಹಿಂದಕ್ಕೆ ಜಾರೋಕೆ ಶುರುವಾಗಿರುತ್ತೆ, ಎಲ್ಲರ ಕಣ್ಣು ಅವರ ಮೇಲೆ. ಒಂದು ಪದವೂ ಯಾರ ತಲೆಗೂ ಹೋಗಿರೋದಿಲ್ಲ.

ಪಾಠ ಮುಗಿಸೋದನ್ನು ಮಾತ್ರ ಮೊದಲೇ ಯೋಚಿಸಿಟ್ಟುಕೊಳ್ಳಿ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಜನ ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡ್ ಆದ ಮೇಲೆ ಇನ್ನೂ 30 ಸೆಕೆಂಡ್ ಇಟ್ಟರು, ಆಗ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದ್ದರು. ಯಾವುದನ್ನು ಮತ್ತೆ ಮಾಡ್ತೀರಿ ಅಂತ ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಒಟ್ಟು ನೋವು ಜಾಸ್ತಿ, ಆದರೂ ಕೊನೆ ಸ್ವಲ್ಪ ಹಿತ. ನೆನಪು ಲೆಕ್ಕ ಹಾಕೋದು ಹಾಗೆ. ನಮ್ಮಲ್ಲಿ ಸಾಮಾನ್ಯವಾಗಿ ಆಗೋದು ಇದರ ಉಲ್ಟಾ: ಕೊನೆಯ ಹದಿನೈದು ನಿಮಿಷ ಉಳಿದಿದೆ, "ಬನ್ನಿ, ಸ್ವಲ್ಪ ಮೇಲಿನಿಂದ ಒಂದು ಸಲ" ಅಂತ ಕರೆದುಕೊಂಡು ಹೋಗ್ತೀವಿ. ಕಾಲು ದಣಿದಿರುತ್ತೆ, ಹಿಮ ಗಟ್ಟಿಯಾಗಿರುತ್ತೆ, ಬೀಳ್ತಾರೆ. ಎರಡು ಗಂಟೆ ಚೆನ್ನಾಗಿ ಮಾಡಿದ್ದೆಲ್ಲ ಆ ಒಂದು ಸಲ ಬಿದ್ದದ್ದಕ್ಕೆ ಹೋಯಿತು. ಕಷ್ಟದ್ದನ್ನು ನಡುವಿನಲ್ಲಿ ಇಟ್ಟು, ಕೊನೆಗೆ ಅವರಿಗೆ ಚೆನ್ನಾಗಿ ಬರುವ ಚಿಕ್ಕ ಇಳಿಜಾರಿಗೆ ವಾಪಸ್ ತನ್ನಿ. ಅಲ್ಲಿ ನೀವು ಏನೂ ಹೇಳಬೇಡಿ, ಅವರ ಪಾಡಿಗೆ ಬಿಡಿ.

ಇದು ಬರೀ ಒಳ್ಳೆಯತನದ ಮಾತಲ್ಲ, ವ್ಯಾಪಾರದ ಮಾತೂ ಹೌದು. ಅಮೆರಿಕದ ಸ್ಕೀ ತಾಣಗಳ ಸಂಘ 2000ದಲ್ಲಿ ಲೆಕ್ಕ ತೆಗೆದಾಗ, ಮೊದಲ ಸಲ ಬಂದವರಲ್ಲಿ ನೂರಕ್ಕೆ ಸುಮಾರು 15 ಜನ ಮಾತ್ರ ಆಟ ಮುಂದುವರಿಸ್ತಾರೆ ಅಂತ ಗೊತ್ತಾಗಿ, ಹೊಸಬರ ಪಾಠವನ್ನೇ ಸರಿಮಾಡಬೇಕು ಅಂತ ಯೋಜನೆ ಹಾಕಿತು. ಆದರೂ ಎಷ್ಟೋ ಕಡೆ ಇವತ್ತಿಗೂ ಮೊದಲ ಪಾಠ ಸಿಗೋದು ಎಲ್ಲರಿಗಿಂತ ಹೊಸ ಟೀಚರಿಗೆ, ಪಳಗಿದವರು ಮೇಲಿನ ಗುಂಪುಗಳಿಗೆ. ಹಾಗಿರೋದು ತಲೆಕೆಳಗು ಅಂತ ನನ್ನ ಅಭಿಪ್ರಾಯ. ನೀವು ಆ ಹೊಸ ಟೀಚರ್ ಆಗಿರೋದರಿಂದ ನಿಮ್ಮ ಮೇಲೆ ಜವಾಬ್ದಾರಿ ಜಾಸ್ತಿಯೇ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ವಿಡಿಯೋ ನೋಡಿ ಕಲಿಯಬಹುದಾ?

ಉತ್ತರ: ಪಾಠಕ್ಕೆ ಮೊದಲು ನೋಡಿದರೆ ತಲೆ ತುಂಬ ಸೂಚನೆ ತುಂಬಿಕೊಂಡು ಮೈ ಮರಗಟ್ಟುತ್ತೆ. ಪಾಠ ಆದ ಮೇಲೆ ಸಂಜೆ ನೋಡಿ, ಆಗ ಟೀಚರ್ ಹೇಳಿದ್ದು ಏನು ಅಂತ ಹೊಳೆಯುತ್ತೆ. ಎದ್ದೇಳೋದು, ಬೈಂಡಿಂಗ್ ಹಾಕೋದು ತೆಗೆಯೋದು, ಚೇರ್ ಲಿಫ್ಟ್ ಹತ್ತಿ ಇಳಿಯೋದು, ಇವನ್ನು ಮಾತ್ರ ಮೊದಲೇ ನೋಡಿಕೊಂಡು ಹೋದರೆ ಲಾಭ.

ಪ್ರಶ್ನೆ: ಎಷ್ಟು ಪಾಠ ಆದ ಮೇಲೆ "ನನಗೆ ಇದು ಇಷ್ಟ ಇಲ್ಲ" ಅಂತ ಧೈರ್ಯವಾಗಿ ಹೇಳಬಹುದು?

ಉತ್ತರ: ಪಾಠದ ಲೆಕ್ಕ ಬೇಡ. ಬೂಟು ನೋಯದ, ಹಿಮ ಮೆತ್ತಗಿರುವ, ನಿಮಗೆ ಚೆನ್ನಾಗಿ ಇಳಿಯೋಕೆ ಬರುವ ಜಾಗದಲ್ಲಿ ಒಂದು ಅರ್ಧ ದಿನ ಕಳೆದಿದ್ದೀರಾ? ಇವೆಲ್ಲ ಒಟ್ಟಿಗೆ ಸಿಕ್ಕ ಮೇಲೂ ಬೇಜಾರಾದರೆ ನಿಮಗೆ ಇಷ್ಟ ಇಲ್ಲ ಅಂತಲೇ. ಬಿಟ್ಟುಬಿಡಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಸ್ಕೀ ಎಲ್ಲರಿಗೂ ಇಷ್ಟ ಆಗಲೇಬೇಕು ಅಂತ ವಾದ ಮಾಡುವವರು ನನಗೂ ತಲೆನೋವೇ. ಆದರೆ ಸುರಿಯುವ ಹಿಮದಲ್ಲಿ, ಕಣ್ಣೆದುರು ಏನೂ ಕಾಣದ ದಿನ, ದೊಡ್ಡ ಬೂಟು ಹಾಕಿಕೊಂಡು, ನಿಮ್ಮ ಮಟ್ಟ ಮೀರಿದ ದಾರಿಯಲ್ಲಿ ಇಳಿದು ಬಂದು ಕೊಟ್ಟ ತೀರ್ಪನ್ನು ಮಾತ್ರ ನಾನು ಒಪ್ಪೋದಿಲ್ಲ.

ಪ್ರಶ್ನೆ: ಮೊದಲ ದಿನ ಕೈಯಲ್ಲಿ ಪೋಲ್, ಅಂದರೆ ಊರಿಕೊಳ್ಳುವ ಕೋಲು, ಇರಬೇಕಾ?

ಉತ್ತರ: ಬೇಡ. ಪೋಲ್ ಇದ್ದರೆ ಹೆದರಿದಾಗ ಅದನ್ನು ಮುಂದೆ ಊರಿ ನಿಲ್ಲಿಸೋಕೆ ನೋಡ್ತೀರಿ, ಅದು ನಿಲ್ಲಿಸೋದಿಲ್ಲ, ಹೆಬ್ಬೆರಳು ತಿರುಚಿಕೊಳ್ಳುತ್ತೆ. ಕೈ ಖಾಲಿ ಇರಲಿ, ಎರಡೂ ಮುಂದೆ, ಕಣ್ಣಿಗೆ ಕಾಣುವ ಹಾಗೆ. ತಿರುವು ಬಂದ ಮೇಲೆ ಪೋಲ್ ಕೇಳಿ. ಆಗ ಅದನ್ನು ತಲೆಕೆಳಗಾಗಿ ಹಿಡಿದು, ಚೂಪು ತುದಿಯ ಹತ್ತಿರ ಇರುವ ಚಿಕ್ಕ ತಟ್ಟೆಯ ಕೆಳಗೆ ಮುಷ್ಟಿ ಕಟ್ಟಿದಾಗ ಮೊಣಕೈ ಲಂಬಕೋನದಲ್ಲಿ ಬಂದರೆ ಉದ್ದ ಸರಿ.